ನಮ್ಮ ಟೀಮಿನ ವೆಲಾಸಿಟಿ ಸರಿಹೋದದ್ದು ಹೀಗೆ

ಸ್ಪ್ರಿಂಟ್ ಅಂದರೆ ನಾವು ಕೆಲಸಕ್ಕೆ ಇಟ್ಟುಕೊಳ್ಳುವ ನಿಗದಿತ ಕಿರು ಅವಧಿ; ಅದರಲ್ಲಿ ಮುಗಿಸಿದ ಕೆಲಸದ ಒಟ್ಟು ಪಾಯಿಂಟೇ (ಕೆಲಸದ ಗಾತ್ರದ ಅಂದಾಜು) ವೆಲಾಸಿಟಿ. ನಮ್ಮ ವೆಲಾಸಿಟಿ ಒಂದು ಸ್ಪ್ರಿಂಟಿನಲ್ಲಿ 18, ಮುಂದಿನದರಲ್ಲಿ 41 ಬರುತ್ತಿತ್ತು. ಇಂಥ ದಿನ ಕೊಡುತ್ತೇವೆ ಅಂತ ಹೇಳಲು ಧೈರ್ಯವೇ ಇರಲಿಲ್ಲ. ಒಂದು ಸಂಜೆ ಕೂತು ಕೆಲಸಗಳ ಲೆಕ್ಕ ಇಡುವ ಜಿರಾ ಸಾಫ್ಟ್‌ವೇರಿನಲ್ಲಿ ಒಂದೊಂದೇ ಸ್ಟೋರಿ (ಅಂದರೆ ಒಂದು ಬಿಡಿ ಕೆಲಸ) ತೆಗೆದು ನೋಡಿದೆ.

8 ಪಾಯಿಂಟಿನ ಪೇಮೆಂಟ್ ಸ್ಟೋರಿ ಟೆಸ್ಟಿಂಗ್‌ನಲ್ಲೇ ಉಳಿದಿತ್ತು. ಮುಕ್ಕಾಲು ಆಗಿದೆಯಲ್ವಾ ಅಂತ 6 ಸೇರಿಸಿಕೊಂಡಿದ್ದೆವು. ಮುಂದಿನ ಸ್ಪ್ರಿಂಟಿನಲ್ಲಿ ಅದು ಮುಗಿದಾಗ ಪೂರ್ತಿ 8 ಮತ್ತೆ ಎಣಿಸಿದ್ದೆವು. ಇಂಥವು ಜಾಸ್ತಿ ಇದ್ದವು.

ಈಗ ಅರ್ಧ ಮುಗಿದ ಕೆಲಸಕ್ಕೆ ಸೊನ್ನೆ. ಟೆಸ್ಟ್ ಪಾಸಾದ ಸ್ಪ್ರಿಂಟಿಗೇ ಪೂರ್ತಿ ಪಾಯಿಂಟ್. ದೊಡ್ಡ ಸ್ಟೋರಿಗಳನ್ನು ಮೊದಲೇ ಒಡೆಯುತ್ತೇವೆ. ಹೆಚ್ಚು ಉಪಯೋಗವಾಗಿದ್ದು ಇದೇ. ಪ್ಲಾನಿಂಗಿಗೆ ಹಿಂದಿನ 3 ಸ್ಪ್ರಿಂಟಿನ ಸರಾಸರಿ, ದಸರಾ ರಜೆ ಬಂದರೆ ಅದಕ್ಕೆ ತಕ್ಕಷ್ಟು ಕಡಿತ. ಪಕ್ಕದ ಟೀಮಿನ ಜೊತೆ ಹೋಲಿಸುವುದಿಲ್ಲ, ಅವರ 5 ಪಾಯಿಂಟಿನ ಅಳತೆಯೇ ಬೇರೆ.

ನಾಲ್ಕು ಸ್ಪ್ರಿಂಟಿನಿಂದ ವೆಲಾಸಿಟಿ 26ರಿಂದ 30ರ ಒಳಗೇ ಇದೆ.