ಪೌಷ್ಟಿಕ ವಿಜ್ಞಾನ ಓದಿ ಹಾಸನದಲ್ಲಿ ಕೆಲಸಕ್ಕೆ ನಿಂತ ಅನುಭವ

ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಡಯಟಿಷಿಯನ್ (ಪಥ್ಯಾಹಾರ ತಜ್ಞೆ) ಆಗಿ ಕೆಲಸ ಮಾಡುತ್ತಿದ್ದೇನೆ. ಪಿಯುಸಿ ಮುಗಿಸಿದ ಮಕ್ಕಳನ್ನು ಕರೆದುಕೊಂಡು ಈ ಓದಿನ ಬಗ್ಗೆ ವಿಚಾರಿಸಲು ಬರುವ ತಂದೆತಾಯಿಗಳು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ಅಡುಗೆ ಕಲಿಯೋದಕ್ಕೆ ಡಿಗ್ರಿ ಯಾಕೆ ಮೇಡಂ?" ಎಂಬುದು. ಅವರಿಗೆ ನಾನು ಸಾವಧಾನವಾಗಿಯೇ ಉತ್ತರಿಸುತ್ತೇನೆ. ದೇಹದೊಳಗೆ ಅನ್ನ ಏನಾಗುತ್ತದೆ ಎಂಬುದನ್ನು ಕಲಿಯುವುದಕ್ಕೆ ಐದು ವರ್ಷದ ಓದು ಬೇಕೇ ಬೇಕು. ಆದರೆ ಆ ಓದನ್ನು ಆಲೂರಿನ ಅಥವಾ ಅರಕಲಗೂಡಿನ ಒಂದು ಮನೆಯ ತಟ್ಟೆಗೆ ಇಳಿಸಬೇಕಾದರೆ ಆ ಮನೆಯ ಅಡುಗೆಯೂ ಅಷ್ಟೇ ಚೆನ್ನಾಗಿ ಗೊತ್ತಿರಬೇಕು ಎಂಬುದು ನನ್ನ ಅನುಭವದಿಂದ ಬಂದ ಮಾತು.

ನಾನು ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಂಡಿದ್ದೆ. ಪದವಿ ಓದಿದ್ದು ನಮ್ಮ ಜಿಲ್ಲೆಯ ಗೃಹವಿಜ್ಞಾನ ಕಾಲೇಜಿನಲ್ಲಿ. ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಆಹಾರ ರಸಾಯನಶಾಸ್ತ್ರ, ಸಮುದಾಯ ಪೌಷ್ಟಿಕತೆ, ಸಂಖ್ಯಾಶಾಸ್ತ್ರ ಇವೇ ಮುಖ್ಯ ವಿಷಯಗಳು. ಅಡುಗೆಯ ಪ್ರಾಯೋಗಿಕ ತರಗತಿ ಇವುಗಳ ಪಕ್ಕದಲ್ಲಿ ಒಂದು ಮಾತ್ರ. ಪ್ರಯೋಗಾಲಯದಲ್ಲಿ ಹುರುಳಿಕಾಳಿನ ಪುಡಿಯನ್ನು ಗಂಧಕಾಮ್ಲದಲ್ಲಿ ಕಾಯಿಸಿ, ಅದರಲ್ಲಿರುವ ನೈಟ್ರೋಜನ್ ಅನ್ನು ಅಮೋನಿಯಾ ರೂಪದಲ್ಲಿ ಹೊರತೆಗೆದು, ಟೈಟ್ರೇಷನ್‌ನಿಂದ ಅಳೆದು, ಬಂದ ಸಂಖ್ಯೆಯನ್ನು 6.25ರಿಂದ ಗುಣಿಸಿದಾಗ ಪ್ರೋಟೀನಿನ ಪ್ರಮಾಣ ಸಿಗುತ್ತದೆ. ಕೆಲ್ಡಾಲ್ ವಿಧಾನವೆಂದು ಕರೆಯುವ ಈ ಪ್ರಯೋಗವನ್ನು ಸ್ವಂತ ಕೈಯಿಂದ ಮಾಡಿದ ಮೇಲೆ, ಪೊಟ್ಟಣದ ಮೇಲೆ ಅಚ್ಚಾಗಿರುವ ಪ್ರೋಟೀನಿನ ಅಂಕಿ ಎಲ್ಲಿಂದ ಬರುತ್ತದೆ, ಅದು ನೇರವಾಗಿ ಪ್ರೋಟೀನನ್ನೇ ಅಳೆದದ್ದಲ್ಲ ಎಂಬ ತಿಳಿವಳಿಕೆ ಶಾಶ್ವತವಾಗಿ ಉಳಿಯುತ್ತದೆ. ರಸಾಯನಶಾಸ್ತ್ರವೆಂದರೆ ಬೇಸರಪಡುವ ವಿದ್ಯಾರ್ಥಿಗೆ ಈ ಪದವಿಯನ್ನು ನಾನು ಸೂಚಿಸುವುದಿಲ್ಲ.

ಎಂ.ಎಸ್ಸಿ.ಗೆ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಗೆ ಹೋದೆ. ಅಲ್ಲಿನ ಆಹಾರ ವಿಜ್ಞಾನ ಮತ್ತು ಪೌಷ್ಟಿಕತೆ ವಿಭಾಗದಲ್ಲಿ ಓದುವವರಿಗೆ ಇರುವ ದೊಡ್ಡ ಅನುಕೂಲವೆಂದರೆ, 1950ರಲ್ಲಿ ಆರಂಭವಾದ, ಆಹಾರ ತಂತ್ರಜ್ಞಾನದ ಕೇಂದ್ರೀಯ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಮತ್ತು ರಕ್ಷಣಾ ಇಲಾಖೆಯ ಆಹಾರ ಸಂಶೋಧನಾಲಯಗಳೆರಡೂ ಅದೇ ಊರಿನಲ್ಲಿರುವುದು. ನಾವು ದಿನವೂ ಕೈಯಲ್ಲಿ ಹಿಡಿಯುತ್ತಿದ್ದ ಪುಸ್ತಕ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕ. ದೇಶದ ಆರು ವಲಯಗಳಿಂದ ಮಾದರಿ ತಂದು 528 ಆಹಾರಗಳನ್ನು ಅದರಲ್ಲಿ ವಿಶ್ಲೇಷಿಸಿದ್ದಾರೆ. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ ಎಂಬುದನ್ನು ಆ ಪುಟಗಳಲ್ಲಿ ನೋಡಿದಾಗ ನಮ್ಮ ಬಯಲುಸೀಮೆಯ ಕಡೆಯ ಮುದ್ದೆಯ ಬಗ್ಗೆ ಹೆಮ್ಮೆಯೆನಿಸಿದ್ದು ನಿಜ.

ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಸಕಲೇಶಪುರ ತಾಲ್ಲೂಕಿನ ಕಾಫಿ ತೋಟಗಳಲ್ಲಿ ಕೂಲಿ ಮಾಡುವ ಹೆಂಗಸರ ಆಹಾರಕ್ರಮ. ಹಿಂದಿನ 24 ಗಂಟೆಗಳಲ್ಲಿ ಏನೇನು ತಿಂದಿರಿ, ಎಷ್ಟೆಷ್ಟು ತಿಂದಿರಿ ಎಂದು ಕೇಳಿ ಬರೆದುಕೊಳ್ಳುವ ವಿಧಾನ ಅದು. ಕಾಗದದ ಮೇಲೆ ಸುಲಭವಾಗಿ ಕಾಣುವ ಈ ಕೆಲಸದಲ್ಲೇ ನಾನು ಅತಿ ಹೆಚ್ಚು ಕಲಿತೆ. "ಸಾರು ಅನ್ನ ಉಂಡೆ" ಎಂದು ಬರೆದುಕೊಂಡರೆ ಏನೂ ಬರೆದಂತಾಗುವುದಿಲ್ಲ; ಆ ಸಾರಿಗೆ ಎಷ್ಟು ಬೇಳೆ ಹಾಕಿದ್ದರು, ಎಷ್ಟು ಜನಕ್ಕೆ ಹಾಕಿದ್ದರು, ಈ ಹೆಂಗಸಿನ ತಟ್ಟೆಗೆ ಬಂದದ್ದು ಬೇಳೆಯೋ ಮೇಲಿನ ತಿಳಿಯೋ, ಎಲ್ಲರೂ ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದೋ ಎಂಬುದೆಲ್ಲ ಕೇಳಿದರೆ ಮಾತ್ರ ಪ್ರೋಟೀನಿನ ಲೆಕ್ಕ ಸರಿಯಾಗುತ್ತದೆ. ನಾನು ಒಯ್ದಿದ್ದ ಅಳತೆಯ ಬಟ್ಟಲುಗಳನ್ನು ಪಕ್ಕಕ್ಕಿಟ್ಟು, ಅವರ ಮನೆಯದೇ ಸೌಟು, ಲೋಟಗಳಿಗೆ ನೀರು ತುಂಬಿ ಅಳೆದುಕೊಂಡು ಲೆಕ್ಕ ಮಾಡುತ್ತಿದ್ದೆ. ಊಟವಾದ ಕೂಡಲೇ ಕಾಫಿ ಕುಡಿಯುವ ಅಭ್ಯಾಸ ಅಲ್ಲಿ ಬಹಳ ಮನೆಗಳಲ್ಲಿತ್ತು. ಕಾಫಿಯ ಪಾಲಿಫಿನಾಲ್‌ಗಳು ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ಹಿಡಿದುಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕೆಂದು 2020ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಶಿಫಾರಸು ಹೇಳುತ್ತದೆ. ಮಾಂಸ ಅಪರೂಪವಾದ ಮನೆಯಲ್ಲಿ ಅಷ್ಟನ್ನು ತುಂಬಿಸುವುದೇ ಕಷ್ಟ, ತುಂಬಿಸಿದ್ದನ್ನೂ ಕಾಫಿ ತಡೆಯುತ್ತದೆ. ಕಾಫಿ ಬಿಡಿ ಎಂದು ಕಾಫಿ ಸೀಮೆಯಲ್ಲಿ ಹೇಳುವುದು ನನಗೆ ಸರಿಯೆನಿಸಲಿಲ್ಲ. ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರವಿರಲಿ, ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುವ ವಿಟಮಿನ್ ಸಿಗಾಗಿ ಊಟದ ಜೊತೆ ನಿಂಬೆಹುಳಿಯೋ ಸೀಬೆಹಣ್ಣೋ ಇರಲಿ ಎಂದು ಹೇಳಿದ್ದನ್ನು ಅವರು ಒಪ್ಪಿಕೊಂಡರು.

ಓದು ಮುಗಿದ ಮೇಲೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಇಂಟರ್ನ್‌ಶಿಪ್ ಮಾಡಿ, ಆಮೇಲೆ ಸ್ವಲ್ಪ ಕಾಲ ಪೌಷ್ಟಿಕ ಪುನಶ್ಚೇತನ ಕೇಂದ್ರವೊಂದರಲ್ಲಿ ಗುತ್ತಿಗೆಯ ಮೇಲೆ ಆಪ್ತಸಮಾಲೋಚಕಿಯಾಗಿದ್ದೆ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿರುವ, ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ತಾಯಂದಿರ ಸಮೇತ ದಾಖಲು ಮಾಡಿಕೊಳ್ಳುವ ಕೇಂದ್ರ ಅದು. ಬಂದ ಕೂಡಲೇ ಮಗುವಿಗೆ ಮೊಟ್ಟೆ, ಬೇಳೆ, ತುಪ್ಪ ತಿನ್ನಿಸಬೇಕೆಂದು ತಾಯಿಯ ಮನಸ್ಸು ಬಯಸುತ್ತದೆ. ನಾವು ಕೊಡುತ್ತಿದ್ದುದು ಹಾಲು, ಸಕ್ಕರೆ, ಎಣ್ಣೆ, ಪುರಿಯ (ಮಂಡಕ್ಕಿಯ) ಪುಡಿ, ನೀರು ಸೇರಿಸಿದ ತೆಳುವಾದ ಎಫ್-75. ನೂರು ಮಿಲಿಲೀಟರಿಗೆ 75 ಕಿಲೋಕ್ಯಾಲೊರಿ, ಪ್ರೋಟೀನ್ ಒಂದು ಗ್ರಾಮಿಗಿಂತ ಕಡಿಮೆ, ಎರಡೆರಡು ಗಂಟೆಗೊಮ್ಮೆ, ರಾತ್ರಿಯೂ. ಬಹಳ ದಿನ ಹಸಿದ ದೇಹದ ಯಕೃತ್ತು, ಮೂತ್ರಪಿಂಡ, ಹೃದಯಗಳು ಒಮ್ಮೆಲೇ ಬಂದ ಆಹಾರದ ಹೊರೆಯನ್ನು ತಡೆದುಕೊಳ್ಳಲಾರವು. ಹಾಗಾಗಿ ಹಸಿವು ಮರಳಿದ ಮೇಲೆಯೇ ಇನ್ನೂ ಗಟ್ಟಿಯಾದ ಎಫ್-100, ತೂಕ ಏರಲು ಶುರುವಾದ ಮೇಲೆಯೇ ಕಬ್ಬಿಣಾಂಶದ ಔಷಧ. "ಇಷ್ಟು ನೀರಾದ ಹಾಲು ಕೊಟ್ರೆ ಮಗು ಹೆಂಗೆ ಉಳೀತದೆ ಅಕ್ಕ?" ಎಂದು ಅಳುವ ತಾಯಿಗೆ ಇದನ್ನು ಅರ್ಥವಾಗುವ ಹಾಗೆ ಹೇಳುವುದೇ ಆ ಹುದ್ದೆಯ ಅರ್ಧ ಕೆಲಸ. ಜೀವರಸಾಯನಶಾಸ್ತ್ರದ ಪಾಠ ಯಾಕೆ ಬೇಕಿತ್ತು ಎಂಬುದು ನನಗೆ ಪೂರ್ತಿಯಾಗಿ ಮನವರಿಕೆಯಾದದ್ದು ಆ ವಾರ್ಡಿನಲ್ಲಿ.

ಈಗಿನ ಆಸ್ಪತ್ರೆಯಲ್ಲಿ ನನ್ನ ಬಳಿ ಬರುವವರಲ್ಲಿ ಸಕ್ಕರೆ ಕಾಯಿಲೆಯವರು, ಕಿಡ್ನಿ ತೊಂದರೆಯವರು ಹೆಚ್ಚು. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದಾಗ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತಕ್ಕೇ ಅಪಾಯ ತರುತ್ತದೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ನೀರನ್ನು ಬಸಿದುಬಿಡಿ ಎಂಬುದು ಪಠ್ಯಪುಸ್ತಕದ ಸಲಹೆ. ಒಬ್ಬ ಹಿರಿಯ ರೈತರಿಗೆ ಇದನ್ನು ಹೇಳಿದಾಗ, "ಅದುಕ್ಕೇನಂತೆ ಕಣವ್ವ, ನಮ್ಮನೇಲಿ ದಿನಾ ಬಸ್ದೇ ಮಾಡೋದು" ಎಂದರು. ಅವರು ಹೇಳುತ್ತಿದ್ದುದು ಬಸ್ಸಾರಿನ ವಿಷಯ. ಸೊಪ್ಪು, ಕಾಳು ಬೇಯಿಸಿ ಬಸಿದು, ಮೇಲಿನದನ್ನು ಒಗ್ಗರಣೆ ಹಾಕಿ ಪಲ್ಯ ಮಾಡಿ, ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿ ಮುದ್ದೆಗೆ ಕಲಸಿಕೊಂಡು ಉಣ್ಣುವ ಮನೆಯಲ್ಲಿ, ಚೆಲ್ಲಬೇಕಾದ ಪೊಟ್ಯಾಸಿಯಂ ಅಷ್ಟೂ ಆ ಕಟ್ಟಿನಲ್ಲೇ ಇರುತ್ತದೆ. ಪಲ್ಯವನ್ನು ಅಳತೆಯಲ್ಲಿ ತಿನ್ನಿ, ಕಟ್ಟಿನ ಸಾರು ನಿಮಗೆ ಬೇಡ ಯಜಮಾನ್ರೆ ಎಂದು ಬಿಡಿಸಿ ಹೇಳಿ, ಮುದ್ದೆಗೆ ಬೇರೆ ಏನು ನಂಚಿಕೊಳ್ಳಬಹುದೆಂದು ಅವರ ಸೊಸೆಯ ಜೊತೆ ಕೂತು ಯೋಚಿಸಿದೆವು. ಬೇರೆ ಊರಿನಲ್ಲಿ ಓದಿ ಬಂದು ಬಸ್ಸಾರು ಕಂಡರಿಯದ ಡಯಟಿಷಿಯನ್ ಈ ಮಾತಿಗೆ ತಲೆಯಾಡಿಸಿ ಕಳಿಸಿಬಿಡುವ ಸಾಧ್ಯತೆಯೇ ಹೆಚ್ಚು.

ಮುದ್ದೆಯ ವಿಷಯವೂ ಹೀಗೆಯೇ. ಅನ್ನ ಬಿಟ್ಟು ಮುದ್ದೆ ಹಿಡಿದಿದ್ದೇನೆ, ಆದರೂ ಸಕ್ಕರೆ ಇಳಿಯುತ್ತಿಲ್ಲ ಎಂದು ಹೇಳುವವರು ಬಹಳ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟವೇ ಇದೆ. ನಾರು, ಕ್ಯಾಲ್ಸಿಯಂ ಹೆಚ್ಚಿರುವುದು ನಿಜವಾದರೂ ಎರಡು ದೊಡ್ಡ ಮುದ್ದೆಯ ಪಿಷ್ಟ ಎಲ್ಲೂ ಹೋಗುವುದಿಲ್ಲ. ಮನೆಯಲ್ಲಿ ಎಷ್ಟು ಹಿಟ್ಟಿಗೆ ಎಷ್ಟು ಮುದ್ದೆ ಕಟ್ಟುತ್ತಾರೆ ಎಂದು ಕೇಳಿದರೆ ಲೆಕ್ಕ ತಾನಾಗಿ ಹೊರಬರುತ್ತದೆ.

ಉದ್ಯೋಗದ ಬಗ್ಗೆ ಸ್ಪಷ್ಟವಾಗಿ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಆಸ್ಪತ್ರೆಯ ಕೆಲಸ ಒಂದು ದಾರಿ; ಜಿಲ್ಲಾ ಕೇಂದ್ರಗಳಲ್ಲಿ ಆರಂಭದ ಸಂಬಳ ಕಡಿಮೆ, ಬೆಂಗಳೂರಿನಲ್ಲಿ ಸ್ವಲ್ಪ ಉತ್ತಮ, ಐಸಿಯು ರೋಗಿಗಳಿಗೆ ನಳಿಕೆಯ ಮೂಲಕ ಕೊಡುವ ಆಹಾರದ ಲೆಕ್ಕ ಬಲ್ಲವರಿಗೆ ಬೇಡಿಕೆ ಇದ್ದೇ ಇದೆ. ಪಾಠ ಹೇಳುವ ಆಸಕ್ತಿಯಿದ್ದರೆ ಗೃಹವಿಜ್ಞಾನ ವಿಷಯದಲ್ಲಿ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ಯುಜಿಸಿ-ನೆಟ್ ಅಥವಾ ಕೆ-ಸೆಟ್ ಬರೆಯಬೇಕು. ಹಳ್ಳಿಗಳ ನಡುವೆ ಕೆಲಸ ಮಾಡುವ ಮನಸ್ಸಿದ್ದವರಿಗೆ ನಮ್ಮ ಕಂದಲಿಯಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಇರುವಂಥ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಗೃಹವಿಜ್ಞಾನ ತಜ್ಞರ ಹುದ್ದೆಗಳಿರುತ್ತವೆ. 1975ರಿಂದ ನಡೆಯುತ್ತಿರುವ ಐಸಿಡಿಎಸ್ ಯೋಜನೆಯ (ಅಂಗನವಾಡಿಗಳನ್ನು ನಡೆಸುವ ಯೋಜನೆ) ಮೂಲಕ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ದಾರಿಯೂ ಇದೆ. ಆಹಾರ ಕಂಪನಿಗಳಲ್ಲಿ ಹೊಸ ಉತ್ಪನ್ನ ಮತ್ತು ಲೇಬಲ್‌ಗಳ ಕೆಲಸಕ್ಕೆ ನಮ್ಮವರನ್ನು ತೆಗೆದುಕೊಳ್ಳುತ್ತಾರೆ. ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವಾಗ ಅಧಿಸೂಚನೆಯಲ್ಲಿ ಪದವಿಯ ಹೆಸರು ಹೇಗಿದೆಯೋ ಅದೇ ಹೆಸರು ನಿಮ್ಮ ಅಂಕಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಆಹಾರ ತಂತ್ರಜ್ಞಾನ, ಗೃಹವಿಜ್ಞಾನ, ಪೌಷ್ಟಿಕ ವಿಜ್ಞಾನ ಇವು ಮೂರೂ ಒಂದೇ ಎಂದು ನೇಮಕಾತಿಯವರು ಪರಿಗಣಿಸುವುದಿಲ್ಲ. ಕೆಲವೇ ವಾರಗಳ ಸರ್ಟಿಫಿಕೇಟ್ ಹಿಡಿದು ತೂಕ ಇಳಿಸುವ ಪುಡಿ ಮಾರುವ ವ್ಯಾಪಾರವನ್ನು ನಾನು ಈ ವೃತ್ತಿಯೊಳಗೆ ಸೇರಿಸುವುದಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ಹೆಚ್ಚುವ ತ್ಯಾಜ್ಯ) ಏರಿರುವ ವ್ಯಕ್ತಿಗೆ ಪ್ರೋಟೀನ್ ಪುಡಿ ಕೊಟ್ಟರೆ ಏನಾಗುತ್ತದೆ ಎಂಬುದು ಮಾರುವವರಿಗೆ ಗೊತ್ತಿರುವುದಿಲ್ಲ.

2021ರಲ್ಲಿ ಬಂದ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಡಯಟಿಷಿಯನ್ ಮತ್ತು ಪೌಷ್ಟಿಕ ತಜ್ಞರನ್ನು ತನ್ನ ಪಟ್ಟಿಯಲ್ಲಿ ಹೆಸರಿಸಿದೆ. ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್‌ನ ಆರ್‌ಡಿ (ನೋಂದಾಯಿತ ಡಯಟಿಷಿಯನ್) ಪರೀಕ್ಷೆ ಬರೆಯುವುದಕ್ಕೂ ಆಸ್ಪತ್ರೆಯ ಇಂಟರ್ನ್‌ಶಿಪ್ ಪ್ರಮಾಣಪತ್ರ ಬೇಕಾಗುತ್ತದೆ. ಆದ್ದರಿಂದ ಅದನ್ನು ಹೆಸರಿಗೆ ಮಾತ್ರ ಮುಗಿಸಬೇಡಿ. ಡಯಾಲಿಸಿಸ್ ವಿಭಾಗ, ಐಸಿಯು, ಮಕ್ಕಳ ವಾರ್ಡು ಈ ಮೂರೂ ಇರುವ ಆಸ್ಪತ್ರೆಯನ್ನೇ ಆರಿಸಿಕೊಳ್ಳಿ, ಮತ್ತು ಸೇರುವ ಮೊದಲು ಅಲ್ಲಿಯ ಅಡುಗೆಮನೆಯಲ್ಲಿ ಬೆಳಗಿನ ಪಾಳಿಯಲ್ಲಿ ನಿಂತು ಕೆಲಸ ನೋಡಲು ಬಿಡುತ್ತಾರೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.