ಮೆಟ್ಟಿಲು ಹತ್ತಿಸಿ ಕೇಳಿದಾಗ ಜನ ಹೇಳಿದ್ದೇ ಬೇರೆ: ಬಳ್ಳಾರಿಯಲ್ಲಿ ಪಾದಚಾರಿ ಸೇತುವೆಗೆ ಅಭಿಪ್ರಾಯ ಕೂಡಿಸಿದ ನನ್ನ ಅನುಭವ

ಬಳ್ಳಾರಿಯ ಒಂದು ಕೂಡುರಸ್ತೆಯಲ್ಲಿ ನಾಲ್ಕು ಪಥದ ರಸ್ತೆ ದಾಟಲು ಎಂಥ ಪಾದಚಾರಿ ಸೇತುವೆ ಬೇಕು ಎಂದು ಚಿತ್ರ ತೋರಿಸಿ ಕೇಳಿದಾಗ ಕಮಾನಿನ ಸೇತುವೆಗೆ ಅರ್ಧಕ್ಕಿಂತ ಹೆಚ್ಚು ಮತ ಬಿದ್ದಿತ್ತು. ಅದೇ ಕೂಡುರಸ್ತೆಯಲ್ಲಿ ಹತ್ತು ಮೆಟ್ಟಿಲಿನ ಅಟ್ಟಣಿಗೆ ನಿಲ್ಲಿಸಿ, ಜನರನ್ನು ಹತ್ತಿಸಿ ಇಳಿಸಿ ಕೇಳಿದಾಗ ಅದರ ಪಾಲು ಐದರಲ್ಲೊಂದಕ್ಕಿಂತ ಕೆಳಗಿಳಿಯಿತು. ಇದನ್ನು ಮೊದಲೇ ಹೇಳಿದ್ದಕ್ಕೆ ಸೇತುವೆಗೆಂದು ಕೂಡಿದ ನಮ್ಮ ಸಮಿತಿಯಲ್ಲೇ ಅರ್ಧ ಜನ ನಂಬಿರಲಿಲ್ಲ. "ಜನಕ್ಕೆ ಡಿಸೈನ್ ಏನ್ ತಿಳೀತೈತ್ರಿ, ಲೈಟ್ ಜಾಸ್ತಿ ಇರೋದಕ್ಕೆ ಕೈ ಎತ್ತತಾರೆ" ಅಂದಿದ್ದರು. ಈಗ ಅವರೇ ಬೇರೆ ವಾರ್ಡಿನವರನ್ನು ಕರೆದುಕೊಂಡು ನನ್ನ ಅಂಗಡಿಗೆ ಬರುತ್ತಾರೆ. ಪದೇ ಪದೇ ಹೇಳುವ ಬದಲು ಒಮ್ಮೆ ಬರೆದಿಡೋಣ ಅನಿಸಿತು.

ನಾನು ಮಾಡೆಲ್ ಮಾಡುವವನು, ಡ್ರಾಯಿಂಗ್ ಕೆಲಸವೂ ಉಂಟು. ಡಿಸೈನ್ ನಾಲ್ಕು ಇದ್ದವು: ಎರಡೂ ತುದಿಗೆ ಮೆಟ್ಟಿಲಿರುವ ನೆಟ್ಟಗಿನ ಸ್ಟೀಲ್ ಟ್ರಸ್ (ತ್ರಿಕೋನಗಳಾಗಿ ಜೋಡಿಸಿದ ಕಂಬಿಗಳ ಚೌಕಟ್ಟು), ಕೋಟೆ ಬಾಗಿಲಿನಂತೆ ಮುಖ ಕೊಟ್ಟು ರಾತ್ರಿ ದೀಪ ಹಾಕುವ ಕಮಾನು, ಒಂದೇ ಕಂಬದಿಂದ ಕೇಬಲ್ ಬಿಟ್ಟು ಹಿಡಿದದ್ದು, ಕೊನೆಯದು ನೋಡಲು ಏನೂ ಅಲ್ಲದ ಗರ್ಡರು (ನೇರ ತೊಲೆಯ ಸೇತುವೆ), ಆದರೆ ಮೆಟ್ಟಿಲಿನ ಬದಲು ಉದ್ದನೆಯ ಇಳಿಜಾರು ದಾರಿ, ಅಂದರೆ ರ‍್ಯಾಂಪ್ ಇರುವಂಥದ್ದು. ಎಲ್ಲವೂ ಅದೇ ನಾಲ್ಕು ಪಥದ ರಸ್ತೆ ದಾಟುವಂಥವು.

ಮೊದಲು ಕೆಟ್ಟದ್ದನ್ನು ಹೇಳುತ್ತೇನೆ, ದುಡ್ಡು ಹೋದದ್ದೆಲ್ಲ ಅಲ್ಲಿಯೇ.

ಸಮಿತಿ ಹಟ ಹಿಡಿದು ಫ್ಲೆಕ್ಸ್ ಹಾಕಿಸಿತು. ಚದರಡಿಗೆ 12 ರೂಪಾಯಿ ಲೆಕ್ಕ, ಫ್ರೇಮು, ಕಟ್ಟುವ ಕೂಲಿ ಎಲ್ಲ ಸೇರಿ ಎಂಟೊಂಬತ್ತು ಸಾವಿರ. ನಾಲ್ಕೂ ಡಿಸೈನಿನ ಕಂಪ್ಯೂಟರ್ ಚಿತ್ರ, ಅದೂ ಸಂಜೆ ಬೆಳಕಿನದು. ಸಂಜೆ ಬೆಳಕಿನಲ್ಲಿ ಯಾವ ಸೇತುವೆಯಾದರೂ ಚಂದ ಕಾಣುತ್ತದೆ, ಅದರಲ್ಲೂ ದೀಪದ ಕಮಾನು. ಒಂದು ವಾರ ಕಳೆಯುವಷ್ಟರಲ್ಲಿ ಅದರ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಬಂದು ಕೂತಿತು. ಆಮೇಲೆ ಮೊಬೈಲಿನಲ್ಲಿ ಗೂಗಲ್ ಫಾರ್ಮ್ ಬಿಟ್ಟರು. ಖರ್ಚಿಲ್ಲ, ಮುನ್ನೂರು-ನಾನೂರು ಉತ್ತರ ಬಂತು ಅಂತ ಎಲ್ಲರಿಗೂ ಸಂತೋಷ. ಬಿಡಿಸಿ ನೋಡಿದರೆ ಹೆಂಗಸರು ಹತ್ತರಲ್ಲಿ ಒಬ್ಬರೂ ಇಲ್ಲ, ಅರವತ್ತು ದಾಟಿದವರಂತೂ ಬೆರಳೆಣಿಕೆ. ಬಹಳಷ್ಟು ಹುಡುಗರು ಊರು ಬಿಟ್ಟು ಬೆಂಗಳೂರಿನಲ್ಲಿ ಕೆಲಸಕ್ಕಿರುವವರು. ಊರಿನ ಅಭಿಮಾನದಿಂದಲೇ ಒತ್ತಿದ್ದಾರೆ, ತಪ್ಪಲ್ಲ. ಆದರೆ ಅವರು ಆ ರಸ್ತೆಯನ್ನು ದಿನಾ ದಾಟುವವರಲ್ಲ. ವಾರ್ಡ್ ಸಭೆಯ ಕಥೆ ನಿಮಗೆಲ್ಲ ಗೊತ್ತು: ದೊಡ್ಡ ದನಿಯವರು ಒಬ್ಬರು ಎದ್ದು ಮಾತಾಡಿದರೆ ಮುಗಿಯಿತು, ಉಳಿದ ಕೈಗಳು ಅವರ ಹಿಂದೆ ಏಳುತ್ತವೆ.

ಆಗ ನಾನು ಮಾಡೆಲ್ ಮಾಡುತ್ತೇನೆ ಎಂದೆ. 1:50 ಸ್ಕೇಲು. ಮೂವತ್ತು ಮೀಟರಿನ ಸೇತುವೆ ಅರವತ್ತು ಸೆಂಟಿಮೀಟರ್ ಆಗುತ್ತದೆ, ತಳ್ಳುಗಾಡಿಯ ಮೇಲೆ ನಾಲ್ಕೂ ಕೂರುತ್ತವೆ. ಲೇಸರ್ ಕಟಿಂಗ್‌ಗೆ ಹೊರಗಿನ ಊರಿಗೆ ಕೊಟ್ಟೆ. ಅವರು ಎರಡು ಡಿಸೈನನ್ನು 1:100ಕ್ಕೆ ಕತ್ತರಿಸಿ ಕಳಿಸಿದರು, ಫೈಲಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರೂ. ಆರು ಸಾವಿರ ನೀರಿಗೆ ಹೋಯಿತು, ದುಡ್ಡು ವಾಪಸ್ ಕೊಡಲಿಲ್ಲ. ಉಳಿದದ್ದನ್ನು ನಾನೇ ಫೋಮ್ ಬೋರ್ಡು ಎಂಬ ಹಗುರ ಹಲಗೆಯಲ್ಲಿ ಕೈಯಿಂದ ಕತ್ತರಿಸಿದೆ, ನಿಜ ಹೇಳಬೇಕೆಂದರೆ ಲೇಸರಿನದಕ್ಕಿಂತ ಅದೇ ಚೊಕ್ಕಟವಾಗಿ ಬಂತು.

ಮತಕ್ಕೆ ಮಡಕೆ ಇಟ್ಟೆವು. ಪ್ರತಿ ಡಿಸೈನಿನ ಮುಂದೆ ಒಂದು ಮಡಕೆ, ಮೆಚ್ಚಿದ್ದಕ್ಕೆ ಹುಣಸೆ ಬೀಜ ಹಾಕಬೇಕು. ಮಧ್ಯಾಹ್ನದೊಳಗೆ ಮಕ್ಕಳು ಮನೆಯಿಂದ ಮುಷ್ಟಿ ಮುಷ್ಟಿ ಬೀಜ ತಂದು ಸುರಿದರು. ಬೀಜ ಬಿಟ್ಟು ಜೀನ್ಸ್ ಗುಂಡಿಗೆ ಬಂದೆವು. ಬಳ್ಳಾರಿಯಲ್ಲಿ ಜೀನ್ಸ್ ಗುಂಡಿಗೆ ಬರವಿಲ್ಲ. ಹೊಲಿಗೆ ಘಟಕದ ಮಾಲೀಕರೊಬ್ಬರು ಅಚ್ಚು ಸರಿ ಬೀಳದ ಗುಂಡಿಗಳನ್ನು ಚೀಲಗಟ್ಟಲೆ ಕೊಟ್ಟರು. ಅದಕ್ಕೆ ಬಣ್ಣದ ಚುಕ್ಕೆ ಇಟ್ಟು ನಾವೇ ಕೈಗೆ ಕೊಡುವುದು. ಆ ಚುಕ್ಕೆ ನೋಡಿ ಯಾವ ವಯಸ್ಸಿನವರು, ಗಂಡೋ ಹೆಣ್ಣೋ, ಮೆಟ್ಟಿಲು ಹತ್ತಿದವರೋ ಅಲ್ಲವೋ ಎಂದು ಹೆಸರು ಬರೆಯದೆಯೇ ಲೆಕ್ಕ ಹಾಕುತ್ತೇನೆ. ಬಣ್ಣದ ಕೀಲಿ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ಯಾರಾದರೂ ಮನೆಯಲ್ಲೇ ಗುಂಡಿಗೆ ಬಣ್ಣ ಬಳಿದುಕೊಂಡು ಬರುತ್ತಾರೆ.

ಮಡಕೆಯದೂ ಒಂದು ತಂಟೆ ಇದೆ. ಎಡತುದಿಯ ಮಡಕೆಗೆ ಸುಮ್ಮನೆ ಹೆಚ್ಚು ಬೀಳುತ್ತದೆ, ಯಾವ ಡಿಸೈನ್ ಇಟ್ಟರೂ. ಗಂಟೆಗೊಮ್ಮೆ ಜಾಗ ಬದಲಿಸಿ. ತುಂಬಿದ ಮಡಕೆ ಕಂಡರೆ ಜನ ಅದಕ್ಕೇ ಹಾಕುತ್ತಾರೆ, ಬಾಯಿಗೆ ಬಟ್ಟೆ ಕಟ್ಟಿ ಸಣ್ಣ ಸೀಳು ಬಿಡಿ.

ಇಷ್ಟೆಲ್ಲ ಮಾಡಿದರೂ ಕಮಾನೇ ಮುಂದಿತ್ತು. ಮಾಡೆಲನ್ನು ಜನ ಮೇಲಿನಿಂದ ನೋಡುತ್ತಾರೆ. ಸೇತುವೆಯನ್ನು ಯಾರೂ ಮೇಲಿನಿಂದ ನೋಡುವುದಿಲ್ಲ, ಕೆಳಗೆ ನಿಂತು ಹತ್ತಬೇಕು. ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಇದು.

ಲೆಕ್ಕ ನೋಡಿ. ರಸ್ತೆಯಿಂದ ಸೇತುವೆಯ ತಳಕ್ಕೆ ಐದೂವರೆ ಮೀಟರ್ ಬಿಡಬೇಕು. ಅದರ ಮೇಲೆ ಗರ್ಡರಿನ ದಪ್ಪ ಅರ್ಧ ಮೀಟರ್ ಹಿಡಿಯಿರಿ. ಒಟ್ಟು ಆರು ಮೀಟರ್. 150 ಮಿಲಿಮೀಟರಿನ ಮೆಟ್ಟಿಲಾದರೆ ನಲವತ್ತು. ನಲವತ್ತು ಹತ್ತಿ ನಲವತ್ತು ಇಳಿಯಬೇಕು. ಆರು ಮೀಟರ್ ಎತ್ತರದ ಅಟ್ಟಣಿಗೆ ಕಟ್ಟಲು ನಮಗೆ ದುಡ್ಡಿಲ್ಲ, ಯಾರಾದರೂ ಬಿದ್ದರೆ ಗತಿಯೇನು? ಅದಕ್ಕೆ ಒಂದೂವರೆ ಮೀಟರ್ ಎತ್ತರದ್ದು ಕಟ್ಟಿದೆ. ಈ ಕಡೆ ಹತ್ತು ಮೆಟ್ಟಿಲು, ಆ ಕಡೆ ಹತ್ತು. ನಾಲ್ಕು ಸುತ್ತು ಬಂದರೆ ಸರಿಯಾಗಿ ಒಂದು ಸೇತುವೆ ದಾಟಿದ ಲೆಕ್ಕ! ಈ ಉಪಾಯ ಹೊಳೆದದ್ದು ನನಗೇ, ಸೇತುವೆ ಕಟ್ಟುವ ನಿಯಮಗಳ ಯಾವ ಪುಸ್ತಕದಲ್ಲೂ ನಾನು ಕಂಡಿಲ್ಲ. ರ‍್ಯಾಂಪಿಗೂ ಹಾಗೆಯೇ. 1:12 ಇಳಿಜಾರಾದರೆ, ಅಂದರೆ ಒಂದು ಮೀಟರ್ ಏರಲು ಹನ್ನೆರಡು ಮೀಟರ್ ಉದ್ದ, ಆರು ಮೀಟರಿಗೆ ಎಪ್ಪತ್ತೆರಡು ಮೀಟರ್ ಉದ್ದ, ನಡುನಡುವೆ ನಿಲ್ಲುವ ಸಮತಟ್ಟು ಸೇರಿದರೆ ಎಂಬತ್ತು ದಾಟುತ್ತದೆ. ಒಂಬತ್ತು ಮೀಟರಿನ ಒಂದು ತುಂಡು ಮಾಡಿ, ತುದಿಯಲ್ಲಿ ಮುಕ್ಕಾಲು ಮೀಟರ್ ಎತ್ತಿದೆ. ಎಂಟು ಸಲ ಹತ್ತಿ ಇಳಿದರೆ ಪೂರ್ತಿ.

ಒಂದು ಕಲ್ಯಾಣ ಮಂಟಪದವರು ಎದುರಿನ ಅಂಗಳ ಕೊಟ್ಟರು. ಬಾಡಿಗೆ ಪೈಪು, ಪ್ಲೈವುಡ್ಡು, ಬಡಗಿಯ ಕೂಲಿ. ಪ್ಲೈವುಡ್ 12 ಮಿಲಿಮೀಟರಿನದು ಸಾಲದು, ಮೊದಲ ದಿನವೇ ಜಗ್ಗಿತು. 19ರದ್ದು ಹಾಕಿ, ಕೆಳಗೆ ಒಂದಡಿಗೊಂದು ಪೈಪು ಕೊಡಿ.

ಬೆಳಗ್ಗೆ ತರಕಾರಿ ಹೊತ್ತಿಗೆ, ಸಂಜೆ ಕೆಲಸ ಬಿಡುವ ಹೊತ್ತಿಗೆ ಜನ ಬಂದರು. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಕೇಳುವ ಹುಡುಗರನ್ನು ನಿಲ್ಲಿಸಿದ್ದೆ. ಬಳ್ಳಾರಿಯಲ್ಲಿ ಒಂದೇ ಭಾಷೆಯಲ್ಲಿ ಕೇಳಿದರೆ ಅರ್ಧ ಊರಿನ ಮಾತು ಕೇಳಿದಂತೆ. ಎರಡನೇ ಸುತ್ತಿನ ಐದನೇ ಮೆಟ್ಟಿಲಿನಲ್ಲಿ ಒಬ್ಬ ಅಜ್ಜಿ ಹಿಡಿಕಂಬಿ ಹಿಡಿದು ನಿಂತು ತೆಲುಗಿನಲ್ಲಿ "ಎಕ್ಕಲೇನು ನಾಯನಾ" (ಹತ್ತಲಾರೆ ಮಗಾ) ಅಂದು ಅಲ್ಲೇ ಕೂತುಬಿಟ್ಟರು. ಫ್ಲೆಕ್ಸಿನ ಮುಂದೆ ಅದೇ ಅಜ್ಜಿ ಕಮಾನು ತೋರಿಸಿ ಚಂದ ಐತೆ ಅಂದಿದ್ದರು.

ಕೌಲ್ ಬಜಾರ್ ಕಡೆಯ ಒಬ್ಬ ಹೆಣ್ಣುಮಗಳು ಹೊಲಿಯಲು ಒಯ್ಯುತ್ತಿದ್ದ ಜೀನ್ಸ್ ಕಟ್ಟು ಹೊತ್ತುಕೊಂಡೇ ಹತ್ತಿದಳು. ಕಮಾನಿನ ಡಿಸೈನಿನಲ್ಲಿ ಮೆಟ್ಟಿಲ ಅಗಲ ಒಂದೂಕಾಲು ಮೀಟರ್, ನಾನೂ ಅಷ್ಟೇ ಇಟ್ಟಿದ್ದೆ. ಹೆಗಲ ಮೇಲಿನ ಕಟ್ಟು ಒಂದು ಕಡೆ ಹಿಡಿಕಂಬಿಗೆ ತಾಗಿತು. ಎದುರಿನಿಂದ ಒಬ್ಬ ಹುಡುಗ ಇಳಿದ. ಅವಳು ಅಡ್ಡಕ್ಕೆ ತಿರುಗಿ, ಬೆನ್ನು ಹೊರಗೆ ಮಾಡಿ, ಒಂದು ಕಾಲು ಮೇಲಿನ ಮೆಟ್ಟಿಲಿನಲ್ಲಿ ಒಂದು ಕೆಳಗಿನದರಲ್ಲಿ ಇಟ್ಟು ಅವನಿಗೆ ದಾರಿ ಬಿಟ್ಟಳು. ಕಟ್ಟು ಜಾರಿ ಇಬ್ಬರೂ ಹಿಡಿದುಕೊಂಡರು. ಕೆಳಗೆ ನಿಂತಿದ್ದ ಸಮಿತಿಯವರು ಇದನ್ನು ಕಣ್ಣಾರೆ ಕಂಡರು, ಅಗಲದ ಬಗ್ಗೆ ಆಮೇಲೆ ವಾದ ಎದ್ದೇ ಇಲ್ಲ. ಎರಡು ಮೀಟರ್ ಎಂದು ಬರೆದುಕೊಂಡರು.

ಭಾರ ಎಷ್ಟು ತಡೆಯುತ್ತದೆ ಎಂದು ಕೇಳುವವರಿಗೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಜನಸಂದಣಿಯ ಜಾಗದಲ್ಲಿ ಚದರ ಮೀಟರಿಗೆ 500 ಕಿಲೋ ಹಿಡಿದು ಲೆಕ್ಕ ಹಾಕುತ್ತಾರೆ. ಸುಣ್ಣದಲ್ಲಿ ಒಂದು ಚದರ ಮೀಟರ್ ಬರೆದು ಏಳೆಂಟು ಜನರನ್ನು ಒಳಗೆ ನಿಲ್ಲಿಸಿದೆ. ತೋಳಿಗೆ ತೋಳು ಒತ್ತಿ, ಕೈ ಆಡಿಸಲಾಗದೆ ನಿಂತರು. "ಸೇತುವೆ ತುಂಬಾ ಹಿಂಗೇ ಜನ ನಿಂತ್ರೂ ತಡೀಬೇಕು, ಅಷ್ಟಕ್ಕೆ ಡಿಸೈನ್ ಮಾಡ್ತಾರೆ" ಅಂದಾಗ ತಲೆ ಆಡಿಸಿದರು. ಈ ಪ್ರಶ್ನೆ ಸುಮ್ಮನೆ ಬರುವುದಲ್ಲ. ಕೇಬಲ್ ಮಾಡೆಲಿನ ಮುಂದೆ ನಿಂತವರಲ್ಲಿ ಬಹಳ ಜನ 2022ರ ಅಕ್ಟೋಬರಿನಲ್ಲಿ ಗುಜರಾತಿನ ಮೋರ್ಬಿಯ ತೂಗುಸೇತುವೆ ಕುಸಿದದ್ದನ್ನು ನೆನೆಸಿದರು. ಕಂಪ್ಲಿ ಕಡೆಯ ಹಿರಿಯರೊಬ್ಬರು ತಳವಾರಘಟ್ಟ-ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದದ್ದನ್ನು ಹೇಳಿ, ಗುಂಡಿ ಹಾಕದೆಯೇ ಹೋದರು. ಸುಳ್ಯದ ಗಿರೀಶ್ ಭಾರದ್ವಾಜರು ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದ್ದಾರೆ, ಅದಕ್ಕೆ 2017ರಲ್ಲಿ ಪದ್ಮಶ್ರೀಯೂ ಬಂತು ಎಂದೆಲ್ಲ ಹೇಳಿದೆ. ಹಳ್ಳಕ್ಕೆ ಸರಿ, ನಮ್ಮ ರಸ್ತೆಗೆ ಬೇಡ ಅಂದರು. ಇಂಜಿನಿಯರ್ ಗೆಳೆಯರಿಗೆ ಇದು ಅಜ್ಞಾನ ಅನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ಮುಂದೆ ಕೇಬಲ್ ಬಿಗಿ ನೋಡುವವರು ಯಾರು, ವರ್ಷಕ್ಕೆ ಎಷ್ಟು ಸಲ ನೋಡುತ್ತಾರೆ ಎಂಬುದು ಅವರ ಪ್ರಶ್ನೆ, ಅದಕ್ಕೆ ಸಮಿತಿಯಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೂ ಅಟ್ಟಣಿಗೆ ತೆರೆದಿಡಬೇಕೆಂದು ನಾನು ಜಗಳ ಮಾಡಿ ಒಪ್ಪಿಸಿದೆ. ಏಪ್ರಿಲ್ ಬಿಸಿಲು, ಜನ ಕಡಿಮೆ. ಬಂದವರು ಮಾತ್ರ ಬೇರೆ ಯಾರೂ ಹೇಳದ್ದನ್ನು ಹೇಳಿದರು: ಬಿಸಿಗೆ ಹಿಡಿಕಂಬಿ ಮುಟ್ಟಲಾಗುವುದಿಲ್ಲ. ಅಲ್ಲಿಂದ ನನ್ನ ಕೆಲಸ ಬೇರೆ ದಿಕ್ಕಿಗೆ ಹೋಯಿತು. ಗನ್ ಥರ್ಮಾಮೀಟರ್ ಇತ್ತು, ನಾಲ್ಕು ಪೈಪು ಬಿಸಿಲಿಗೆ ಇಟ್ಟೆ. ಕಪ್ಪು ಬಣ್ಣದ್ದು ಅರವತ್ತರ ಹತ್ತಿರ ಹೋಯಿತು, ಬಿಳಿಯದು ಅದಕ್ಕಿಂತ ಹತ್ತು ಡಿಗ್ರಿ ಕಡಿಮೆ ಇರಬೇಕು. ಸ್ಟೀಲಿಗೆ ನಾರಿನ ಹಗ್ಗ ಸುತ್ತಿದ್ದು ಮೀಟರಿನಲ್ಲಿ ಅಷ್ಟೇನೂ ಕಡಿಮೆ ತೋರಿಸಲಿಲ್ಲ, ಹಿಡಿದರೆ ಮಾತ್ರ ಸುಡುವುದಿಲ್ಲ. ನಾಲ್ಕನೆಯದಕ್ಕೆ ಮೇಲೆ ಒಂದಡಿ ಅಗಲದ ನೆರಳು ಕೊಟ್ಟಿದ್ದೆ, ಗೆದ್ದದ್ದು ಅದೇ. ಹಗ್ಗ ಮಳೆಗಾಲದಲ್ಲಿ ಕೊಳೆಯುತ್ತದೆ, ಅದನ್ನು ಬಿಟ್ಟೆ. ಮೇಲ್ಛಾವಣಿ ಸೇತುವೆಯ ಮೇಲೆ ಮಾತ್ರ ಸಾಲದು, ಮೆಟ್ಟಿಲಿನ ಮೇಲೂ ಬೇಕು ಎಂದು ವರದಿಯಲ್ಲಿ ಬಂದದ್ದು ಈ ಪೈಪುಗಳಿಂದ. ಬಿಸಿಲಿಗೆ ಬಂದ ಆ ಕೆಲವೇ ಜನರ ಮಾತನ್ನು ಒಟ್ಟು ಲೆಕ್ಕದಲ್ಲಿ ಕರಗಿಸದೆ ಬೇರೆಯಾಗಿ ಬರೆದೆ.

ಐದನೇ ಮಡಕೆಯ ವಿಷಯಕ್ಕೆ ಬರುತ್ತೇನೆ, ಹೆಚ್ಚು ಬೈಸಿಕೊಂಡದ್ದು ಅದಕ್ಕೆ. ನಾಲ್ಕು ಡಿಸೈನಿನ ಪಕ್ಕ ಒಂದು ಖಾಲಿ ಹಲಗೆ, ಅದರ ಮುಂದೊಂದು ಮಡಕೆ: ಸೇತುವೆ ಬೇಡ, ಸಿಗ್ನಲ್ ಹಾಕಿ ಕೆಳಗೇ ದಾಟಿಸಿ. ಸೇತುವೆಗೆಂದೇ ಕೂಡಿದ ಸಮಿತಿ ಇದನ್ನು ಹೇಗೆ ಒಪ್ಪೀತು? ಆದರೆ ಮೆಟ್ಟಿಲಿನಲ್ಲಿ ಕೂತ ಅಜ್ಜಿ ತಮ್ಮ ಗುಂಡಿ ಎಲ್ಲಿ ಹಾಕಬೇಕು? ಕಟ್ಟಿದ ಮೇಲೆ ಜನ ಹತ್ತದೆ ಡಿವೈಡರ್ ಹಾರುವ ಎಷ್ಟು ಸೇತುವೆ ನಾವು ನೋಡಿಲ್ಲ? ಅಲ್ಲಿ ಹಾರುವವರು ಇಲ್ಲಿ ಮೊದಲೇ ಮತ ಹಾಕಲಿ ಎಂಬುದು ನನ್ನ ವಾದ. ಮಡಕೆ ಇಡದಿದ್ದರೆ ಮಾಡೆಲ್ ವಾಪಸ್ ಒಯ್ಯುತ್ತೇನೆ ಎಂದೆ, ಇಟ್ಟರು.

ಹತ್ತಿರತ್ತಿರ ಒಂಬೈನೂರು ಜನ ಹತ್ತಿ ಇಳಿದು ಗುಂಡಿ ಹಾಕಿದರು. ರ‍್ಯಾಂಪಿನದಕ್ಕೆ ನೂರಕ್ಕೆ ನಲವತ್ತರ ಮೇಲೆ, ಸೇತುವೆ ಬೇಡ ಎಂಬುದಕ್ಕೆ ಕಾಲು ಪಾಲಿನ ಹತ್ತಿರ. ಉಳಿದದ್ದರಲ್ಲಿ ಟ್ರಸ್ ಮತ್ತು ಕಮಾನು ಸುಮಾರು ಸಮ, ಕೇಬಲ್ ಕೊನೆಗೆ. ಮಳೆ ಬಿದ್ದ ಮೇಲೆ ಇನ್ನೊಮ್ಮೆ ಮಾಡಿ ಅಂದರು ನಂಬದವರು. ಮಾಡಿದೆ, ಸಾಲು ಬದಲಾಗಲಿಲ್ಲ. ಗೆದ್ದ ಡಿಸೈನ್ ಇದ್ದ ಹಾಗೇ ಉಳಿಯಲಿಲ್ಲ ಎಂಬುದು ನನಗೆ ಇನ್ನೂ ಹೆಚ್ಚಿನ ಹೆಮ್ಮೆ. ಹುಡುಗರು ರ‍್ಯಾಂಪಿನಲ್ಲಿ ಮೂರನೇ ಸುತ್ತಿಗೆ ಬೇಸತ್ತು ಬಿಡುತ್ತಿದ್ದರು, ಬಸ್ ಹಿಡಿಯುವ ಅವಸರದವರಿಗೆ ಎಂಬತ್ತು ಮೀಟರ್ ಹಿಂದಕ್ಕೆ ನಡೆಯುವುದು ಆಗದ ಮಾತು. ಮಂಡಿ ನೋವಿನವರು, ಸೈಕಲ್ ಹಿಡಿದವರು, ಮಗು ಎತ್ತಿಕೊಂಡವರು ರ‍್ಯಾಂಪ್ ಬಿಡಲಿಲ್ಲ. ಟ್ರಸ್ಸಿನ ನೆಟ್ಟಗಿನ ಮೆಟ್ಟಿಲನ್ನು ತಂದು ರ‍್ಯಾಂಪಿನ ಡಿಸೈನಿಗೆ ಸೇರಿಸಿ, ಸೇತುವೆ ಏಳುವ ತನಕ ಕೆಳಗೆ ಸಿಗ್ನಲ್ ಬೇಕೆಂದು ಬರೆದು ಕೊಟ್ಟೆವು. ವರದಿ ಓದಿದ ಅಧಿಕಾರಿ ಮೊದಲು ಕೇಳಿದ್ದು ಆ ಅಟ್ಟಣಿಗೆಯ ಫೋಟೊ.

ಒಟ್ಟು ಖರ್ಚು ಎಂಬತ್ತೈದು-ತೊಂಬತ್ತು ಸಾವಿರ. ಅರ್ಧ ಅಂಗಡಿಯವರಿಂದ ಎತ್ತಿದ್ದು, ಮೂವತ್ತರಷ್ಟು ನನ್ನದು, ಮಿಕ್ಕಿದ್ದು ಸಮಿತಿಯದು. ಫ್ಲೆಕ್ಸು ಮತ್ತು ಕೆಟ್ಟ ಕಟಿಂಗ್ ಬಿಟ್ಟರೆ ಎಪ್ಪತ್ತೈದರೊಳಗೆ ಮುಗಿಸಬಹುದು.

ಕೊಪ್ಪಳ, ರಾಯಚೂರಿನಿಂದ ಕೇಳುತ್ತಿರುವವರಿಗೆ: ಅಟ್ಟಣಿಗೆಯ ಮೆಟ್ಟಿಲು ಬಿಚ್ಚಿ ಜೋಡಿಸುವಂತೆ ಮಾಡಿದ್ದೇನೆ, ಒಂದು ಸಣ್ಣ ಲಾರಿಯಲ್ಲಿ ಹಿಡಿಯುತ್ತದೆ. ಒಯ್ಯಿರಿ, ಬಾಡಿಗೆ ಬೇಡ, ಸಾಗಾಟ ನಿಮ್ಮದು. ಪೈಪು ಅಲ್ಲೇ ಬಾಡಿಗೆಗೆ ಹಿಡಿಯಿರಿ. ಮೆಟ್ಟಿಲು ಇಳಿದವರಿಗೆ ಮೊಟ್ಟಮೊದಲು ಕೇಳಬೇಕಾದ ಒಂದು ಪ್ರಶ್ನೆ ಇದೆ, ಅದು ಡಿಸೈನಿನ ಬಗ್ಗೆ ಅಲ್ಲವೇ ಅಲ್ಲ. ಅದನ್ನು ಬಂದವರಿಗೆ ಎದುರು ಕೂರಿಸಿ ಹೇಳುತ್ತೇನೆ. ಮಡಕೆ ಮಾತ್ರ ನಿಮ್ಮೂರಿನವೇ ಆಗಲಿ, ನಮ್ಮವು ಮೂರು ಒಡೆದಿವೆ.