ಗದ್ದೆಯಲ್ಲೇ ಸೊಪ್ಪು ಬೆಳೆದು ಗೊಬ್ಬರ ಮಾಡುವ ನಮ್ಮ ಕ್ರಮ

ಶಿರಸಿ ಸೀಮೆಯಲ್ಲಿ ಬೆಟ್ಟದ ಸೊಪ್ಪು, ದರಕು (ಉದುರಿದ ಒಣ ಎಲೆ) ಅಡಿಕೆ ತೋಟಕ್ಕೇ ಸಾಲುವುದಿಲ್ಲ. ಭತ್ತದ ಗದ್ದೆಗೆ ಬೇಕಾದ ಸೊಪ್ಪನ್ನು ಗದ್ದೆಯಲ್ಲೇ ಬೆಳೆದುಕೊಳ್ಳಬೇಕು. ನಾನು ನೀರು ನಿಲ್ಲುವ ತಗ್ಗಿನ ಬೈಲು ಗದ್ದೆಗೆ ಡಯಾಂಚ, ನೀರು ಬಸಿಯುವ ಎತ್ತರದ ಮಕ್ಕಿ ಗದ್ದೆಗೆ ಸೆಣಬು (ಸನ್‌ಹೆಂಪ್) ಬಿತ್ತುತ್ತೇನೆ; ಎರಡೂ ಹಸಿರೆಲೆ ಗೊಬ್ಬರದ ಗಿಡಗಳು. ಮೊಣಕಾಲೆತ್ತರ ಬಂದ ಡಯಾಂಚ ನಿಂತ ನೀರನ್ನೂ ತಾಳುತ್ತದೆ. ಸೆಣಬಿನ ಬುಡದಲ್ಲಿ ನೀರು ನಿಂತರೆ ಗಿಡ ಹಳದಿಯಾಗಿ ಕೊಳೆಯುತ್ತದೆ.

ಬಿತ್ತನೆ ಕೃತ್ತಿಕಾ ಮಳೆಗೆ, ಮೇ ಮಧ್ಯದ ಹೊತ್ತಿಗೆ. ಎಕರೆಗೆ 12ರಿಂದ 15 ಕೆಜಿ ಬೀಜ. ಡಯಾಂಚದ ಬೀಜದ ಸಿಪ್ಪೆ ಗಟ್ಟಿ, ಹಾಗಾಗಿ ರಾತ್ರಿಯಿಡೀ ನೆನೆಸಿ, ನೆರಳಲ್ಲಿ ನೀರಾರಿಸಿ, ತಣಿದ ಬೆಲ್ಲದ ಪಾಕಕ್ಕೆ 200 ಗ್ರಾಂ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿದುಕೊಡುವ ಸೂಕ್ಷ್ಮಜೀವಿ) ಕಲಸಿ ಬೀಜಕ್ಕೆ ಸವರಬೇಕು. ನೆನೆಸಿದ ಬೀಜವನ್ನು ಒಣಮಣ್ಣಿಗೆ ಚೆಲ್ಲಿದರೆ ಮೊಳಕೆ ಒಳಗೇ ಸಾಯುತ್ತದೆ. ಹದ ಇದ್ದ ದಿನವೇ ಬಿತ್ತಿ. ಆಗಿನ್ನೂ ದನಗಳು ಬಯಲಲ್ಲಿ ಮೇಯುತ್ತಿರುತ್ತವೆ, ಬೇಲಿ ಮೊದಲೇ ಆಗಬೇಕು.

ಹಲವರು ತಪ್ಪುವುದು ರಂಜಕದಲ್ಲಿ. ನಮ್ಮದು ಜಂಬಿಟ್ಟಿಗೆ ಮಣ್ಣು, ಹುಳಿ ಜಾಸ್ತಿ. ಇದರಲ್ಲಿ ರಂಜಕವು ಕಬ್ಬಿಣ, ಅಲ್ಯೂಮಿನಿಯಂ ಜೊತೆ ಕಟ್ಟಿಕೊಂಡು ಬೇರಿಗೆ ದಕ್ಕುವುದಿಲ್ಲ. ರಂಜಕ ಸಿಗದ ಗಿಡದ ಬೇರಿನಲ್ಲಿ ಗಂಟು ಸರಿಯಾಗಿ ಕಟ್ಟುವುದೂ ಇಲ್ಲ. ಬಿತ್ತುವಾಗಲೇ ಎಕರೆಗೆ 80 ಕೆಜಿ ಶಿಲಾರಂಜಕ (ರಾಕ್ ಫಾಸ್ಫೇಟ್) ಚೆಲ್ಲುತ್ತೇನೆ; ಹುಳಿಮಣ್ಣಿನಲ್ಲೇ ಅದು ಚೆನ್ನಾಗಿ ಕರಗುವುದು. ಯೂರಿಯಾ ಮಾತ್ರ ಬೇಡವೇ ಬೇಡ. ಸಾರಜನಕ ಪುಕ್ಕಟೆ ಸಿಕ್ಕರೆ ಗಿಡ ಗಂಟು ಕಟ್ಟುವ ಗೊಡವೆಗೇ ಹೋಗುವುದಿಲ್ಲ.

30 ದಿನಕ್ಕೆ ನಾಲ್ಕಾರು ಗಿಡಗಳನ್ನು ಗುದ್ದಲಿಯಿಂದ ಮಣ್ಣು ಸಮೇತ ಎತ್ತಿ, ನೀರಲ್ಲಿ ಅದ್ದಿ ತೊಳೆಯಿರಿ. ಕೈಯಿಂದ ಎಳೆದರೆ ಗಂಟುಗಳು ಮಣ್ಣಲ್ಲೇ ಉಳಿದುಬಿಡುತ್ತವೆ. ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆಯುತ್ತಿದೆ. ಬಿಳಿ, ಬೂದಿ ಅಥವಾ ಹಸಿರಿದ್ದರೆ ಅಂಥ ಗಂಟುಗಳಿಂದ ಪ್ರಯೋಜನವಿಲ್ಲ.

ಹೂವಿನ ಹೊತ್ತಿಗೆ ಗಿಡವನ್ನು ಉತ್ತು ಮಣ್ಣಿಗೆ ಮಗುಚಬೇಕು ಎನ್ನುತ್ತಾರೆ. ಆದರೆ ಮೇ-ಜೂನ್ ಹಗಲು ಉದ್ದವಾದ್ದರಿಂದ ಹೂ ತಡವಾಗಬಹುದು. ಹೂವಿಗೆ ಕಾಯುತ್ತ ಕೂರದೆ ದಂಟು ನೋಡಿ. 45 ದಿನದ ಆಸುಪಾಸಿನಲ್ಲಿ ಬುಡದ ದಂಟು ಬಗ್ಗಿಸಿದರೆ ಹಸಿಯಾಗಿ ಲಟಕ್ಕನೆ ಮುರಿಯಬೇಕು. ನಾರು ಎದ್ದು ಜೋತಾಡಿದರೆ ತಡವಾಯಿತೆಂದೇ ಅರ್ಥ. ಬಲಿತ ದಂಟನ್ನು ಕೊಳೆಸಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ನಾಟಿಯಾದ ಸಸಿ ಎರಡು ಮೂರು ವಾರ ಹಳದಿಯಾಗಿ ನಿಲ್ಲುತ್ತದೆ. ಬಲಿತ ಸೆಣಬಿನ ನಾರು ಟಿಲ್ಲರಿನ ಹಲ್ಲಿಗೂ ಸುತ್ತಿಕೊಳ್ಳುತ್ತದೆ. ಮೊದಲು ಕತ್ತಿಯಿಂದ ಗೇಣುದ್ದ ಕೊಚ್ಚಿ ಹಾಕಬೇಕು.

ಮಗುಚುವ ಮುಂಚೆ ಒಂದು ಚದರ ಮೀಟರ್ ಕೊಯ್ದು ತೂಗಿ. ಒಂದೂವರೆ ಕೆಜಿ ಬಂದರೆ ಎಕರೆಗೆ 6 ಟನ್ ಹಸಿಸೊಪ್ಪು, ಅದರಲ್ಲಿ ಸುಮಾರು 25 ಕೆಜಿ ಸಾರಜನಕ. ಅಷ್ಟೂ ಅದೇ ಬೆಳೆಗೆ ಸಿಗುವುದಿಲ್ಲ, ಆದ್ದರಿಂದ ನಾನು ಭತ್ತಕ್ಕೆ ನಾಟಿಯ ಹೊತ್ತಿಗೆ ಹಾಕುವ ಬುಡಗೊಬ್ಬರದ ಯೂರಿಯಾವನ್ನಷ್ಟೇ ಕೈಬಿಡುತ್ತೇನೆ. ಪೊಟ್ಯಾಷ್ ಕಡಿಮೆ ಮಾಡುವುದಿಲ್ಲ. ಸೊಪ್ಪಿನಲ್ಲಿರುವ ಪೊಟ್ಯಾಷ್ ಅದೇ ಗದ್ದೆಯದು, ಹೊರಗಿಂದ ಬಂದದ್ದಲ್ಲ.

ಮಗುಚಿದ ಮೇಲೆ ಎರಡು ಇಂಚು ನೀರು ನಿಲ್ಲಿಸಿ, 10 ದಿನ ಕಳೆದು ನಾಟಿ. ಅವಸರಪಟ್ಟರೆ ಕೊಳೆಯುವ ಸೊಪ್ಪಿನ ಹುಳಿಗೆ ಎಳೆ ಬೇರು ಸುಡುತ್ತದೆ. ಬಸಿಗಾಲುವೆ ಇಲ್ಲದ ತಗ್ಗು ಗದ್ದೆಯಲ್ಲಿ ಇನ್ನೊಂದು ಕಾಟವಿದೆ. ಹಸಿಸೊಪ್ಪು ಹೆಚ್ಚಾದರೆ ಮಣ್ಣಿನ ಕಬ್ಬಿಣ ಕರಗಿ, ನೀರ ಮೇಲೆ ಎಣ್ಣೆಯಂಥ ತುಕ್ಕುಪೊರೆ ಕಟ್ಟುತ್ತದೆ, ಎಲೆಗೆ ಕಂದುಚುಕ್ಕೆ ಬೀಳುತ್ತದೆ. ಪೊರೆ ಕಂಡ ಕೂಡಲೇ ನೀರು ಬಸಿದು, ಒಂದೆರಡು ದಿನ ಗಾಳಿಯಾಡಲು ಬಿಟ್ಟು ಹೊಸ ನೀರು ಕಟ್ಟಿ.

ಮಣ್ಣು ಬದಲಾದದ್ದು ಬೇಸಿಗೆಯಲ್ಲಿ ಗೊತ್ತಾಗುತ್ತದೆ: ಹೆಂಟೆ ಕೈಯಲ್ಲಿ ಒತ್ತಿದರೆ ಪುಡಿಯಾಗುತ್ತದೆ, ಮೊದಲ ಮಳೆಯ ನೀರು ಹರಿದು ಹೋಗದೆ ಇಂಗುತ್ತದೆ. ಎಳೆಸೊಪ್ಪು ನಮ್ಮ ಸೆಕೆ-ಮಳೆಗೆ ಬೇಗ ಕರಗಿಹೋಗುವುದರಿಂದ ಪ್ರತಿ ವರ್ಷ ಬಿತ್ತಲೇಬೇಕು, ಕೊಟ್ಟಿಗೆ ಗೊಬ್ಬರವನ್ನೂ ಬಿಡಬಾರದು.

ಮಕ್ಕಿ ಗದ್ದೆಯ ಬದುವಿನಲ್ಲಿ ಒಂದು ಸಾಲು ಸೆಣಬನ್ನು ಬೀಜಕ್ಕೆ ಉಳಿಸಿಕೊಳ್ಳಿ. ಕಾಯಿ ಅಲುಗಿಸಿದಾಗ ಗಿಲಿಗಿಲಿ ಸದ್ದಾದರೆ ಕೊಯ್ಯಬಹುದು.